ಹೂ ಕೊಯ್ದ ಮೇಲಿನ ಗೊಬ್ಬರ

ಕುಷ್ಟಗಿ, ಫೆಬ್ರವರಿ 30, 2219

ಇನ್ನೂರು ವರ್ಷದ ಹಿಂದೆ ನಮ್ಮ ಹೊಲದಲ್ಲಿ ಮೊದಲು ಗ್ಲ್ಯಾಡಿಯೋಲಸ್ ನೆಟ್ಟ ಅಜ್ಜಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನಮ್ಮದರಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಮನ್ನಿಸಿ. ನಾನು ನೀಲಗಂಗಾ, ನಿಮ್ಮ ಮನೆಯ ಸೊಸೆ.

ಇಲ್ಲಿ ಮಳೆ ವರ್ಷಕ್ಕೆ ಹತ್ತು ದಿನ. ಗಾಳಿಯ ತೇವವನ್ನು ಬಲೆಗಳಲ್ಲಿ ಹಿಡಿದು, ಬೆಳಿಗ್ಗೆ ಆಳಿಗೊಂದು ಕೊಡ ನೀರಿನಂತೆ ಹಂಚುತ್ತಾರೆ. ಅದನ್ನು ಇಬ್ಬನಿಪಾಲು ಎನ್ನುತ್ತೇವೆ. ಹೆರಿಗೆಮನೆಯಲ್ಲಿ ಪ್ರತಿ ಬಾಣಂತಿಯ ತಲೆದೆಸೆಗೆ ಒಂದು ಗ್ಲ್ಯಾಡಿಯೋಲಸ್ ಹೂದಂಟು ಇಡುವುದು ಊರಿನ ರೂಢಿ. ಆ ಹೂ ಬೆಳೆಯುವವರು ನಾವು.

ನಾನು ಬಸುರಿಯಾದ ವರ್ಷ, ನನ್ನ ಹೆರಿಗೆಗೆ ಎಲ್ಲಕ್ಕಿಂತ ಉದ್ದದ ಹೂದಂಟು ಬೇಕೆಂದು ಆಸೆಪಟ್ಟೆ. ಅತ್ತೆ ತಿರಕವ್ವನವರನ್ನು ಕೇಳದೆ ಒಣಮಣ್ಣಿಗೇ ಎರಡು ಪಟ್ಟು ಯೂರಿಯಾ ಹಾಕಿ, ಮೇಲೊಂದಿಷ್ಟು ನೀರು ಚಿಮುಕಿಸಿದೆ. ವಾರದೊಳಗೆ ಎಲೆಯ ತುದಿಗಳು ಸುಟ್ಟವು, ನೆಲದ ಮೇಲೆ ಬೆಳ್ಳಗೆ ಉಪ್ಪು ಎದ್ದಿತು. ಅತ್ತೆಯೊಂದಿಗೆ ನನಗೆ ಮೊದಲೇ ಸಲುಗೆ ಇರಲಿಲ್ಲ. ಬೈಗುಳಕ್ಕೆ ತಯಾರಾಗಿ ನಿಂತೆ.

ಅವರು ಕೂತು ಎಲೆಗಳನ್ನು ಸವರಿದರು. "ಉಪ್ಪ ಏರೈತಿ. ಮದಲ ನೆಲಾ ತೊಳೀಬೇಕ," ಎಂದು ತಮ್ಮ ಪಾಲಿನ ಕೊಡವನ್ನೇ ತಂದು ಬುಡಕ್ಕೆ ಸುರಿದರು.

"ನಿಮಗ ಕುಡಿಯಾಕ, ಅತ್ತಿ?"

"ನಿನ್ನ ಗಂಡನ ಪಾಲಿನಾಗ ಕುಡೀತೀನಿ. ನಾ ಹಡದಿಲ್ಲೇನ ಅವನ್ನ?"

ಮೂರು ದಿನ ಹಾಗೆಯೇ ಸುರಿದರು. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಕಳಿತ ಸಗಣಿಗೊಬ್ಬರ ನಾಟಿಗೆ ಮೊದಲೇ ಬೀಳಬೇಕು. ಮೂರೆಲೆಯಾದಾಗ ಚಿಟಿಕೆ ಯೂರಿಯಾ, ಬುಡದಿಂದ ನಾಲ್ಕು ಬೆರಳು ದೂರಕ್ಕೆ. ಹೂದಂಟು ಇಣುಕಿದಾಗ ಪೊಟ್ಯಾಶ್. ಪ್ರತಿ ಸಲವೂ ಮೊದಲು ನೆಲ ನೆನೆಯಬೇಕು. ಸಜ್ಜೆ ಹೊಟ್ಟನ್ನು ಹೊದಿಸಿ ತೇವ ಉಳಿಸಿದೆವು.

ಅರ್ಧದಷ್ಟು ಗಿಡಗಳು ಚೇತರಿಸಿಕೊಂಡವು. ಮಗಳು ಹುಟ್ಟಿದ ದಿನ ಅತ್ತೆ ತಂದ ಹೂದಂಟು ಅಷ್ಟೇನೂ ಉದ್ದವಿರಲಿಲ್ಲ. ನೆಟ್ಟಗಿತ್ತು, ಕೆಳಗಿನೆರಡು ಮೊಗ್ಗು ಆಗತಾನೇ ಬಣ್ಣ ತೋರುತ್ತಿದ್ದವು.

ಮಗುವಿನೊಂದಿಗೆ ಮನೆಗೆ ಬಂದಾಗ ಎಲ್ಲರೂ ತೊಟ್ಟಿಲಿಗೆ ಮುತ್ತಿಕೊಂಡರು. ಕಿಟಕಿಯಾಚೆ ಅತ್ತೆ, ಹೂವಿಲ್ಲದ ಗಿಡಗಳಿಗೆ ನೀರುಣಿಸಿ ಪೊಟ್ಯಾಶ್ ಕೊಡುತ್ತಿದ್ದರು.

"ಹೂ ಕೊಯ್ದಾತಲ್ಲ, ಇನ್ನ ಯಾಕ?" ಎಂದು ಕೇಳಿದೆ.

"ಇನ್ನ ಇವನ್ನ ಯಾರೂ ನೋಡಂಗಿಲ್ಲ. ನಾಲ್ಕ ಎಲಿ ಬಿಟ್ಟ ಕೊಯ್ದೀನಿ, ಅದರಾಗ ಮುಂದಿನ ವರ್ಷಕ್ಕ ನೆಡೂ ಗಡ್ಡಿ ತುಂಬಬೇಕ. ದಣದಾವ, ಪಾಪ."

ಕೈತೊಳೆದು ಒಳಬಂದರು. ತೊಟ್ಟಿಲು ದಾಟಿ ನೇರ ನನ್ನ ಬಳಿ ಕೂತು, ಬಾಣಂತಿಯರಿಗೆ ಮಾಡುವ ಬಿಸಿ ಅಳವಿಕಾಳಿನ ಪಾಯಸದ ಬಟ್ಟಲನ್ನು ಕೈಗಿಟ್ಟರು. "ಉಣ್ಣು," ಎಂದರು. ಅಂದು ನನ್ನನ್ನು ನೋಡಲೆಂದೇ ಬಂದವರು ಅವರೊಬ್ಬರೇ.

ಅವರು ತೀರಿಕೊಂಡು ಮೂರು ವರ್ಷವಾಯಿತು. ಅಜ್ಜಿ, ಒಂದೇ ಕೋರಿಕೆ: ಹೂ ಕೊಯ್ದು ಪೇಟೆಗೆ ಕಳಿಸಿದ ಮೇಲೂ ಹೊಲಕ್ಕೆ ಮರಳಿ ಹೋಗಿ, ಆ ಗಿಡಗಳಿಗೆ ಆರು ವಾರ ಉಣ್ಣಿಸಿ. ಅವುಗಳ ಗೆಡ್ಡೆ ನಮ್ಮ ತನಕ ಬರಬೇಕು.

ನಿಮ್ಮ
ನೀಲಗಂಗಾ