ಕಹಿಯಾದ ಪುಣೆ ಸೊಪ್ಪು

ಗಜೇಂದ್ರಗಡ
20-3-1956

ನನ್ನ ಮಗ ಶಿವನಪ್ಪಾ,

ಹೇಗಿದ್ದೀ? ಕೆಮ್ಮು ಕಡಿಮೆಯಾಯಿತೇ? ಆ ಪುಣೆಯ ಬಂಗಲೆಯ ತೋಟದಲ್ಲಿ ದಿನವಿಡೀ ನೀರಿನಲ್ಲಿ ನಿಲ್ಲುತ್ತೀ, ರಾತ್ರಿ ಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗು. ನಿನ್ನಪ್ಪ ಎಂದಿನಂತೆ ಮಗ್ಗದ ಮುಂದೆ ಇದ್ದಾರೆ. ನನಗೆ ಮಾತ್ರ ಕೈಕಾಲು ಆಡುತ್ತಿಲ್ಲ.

ದೀಪಾವಳಿಗೆ ಬಂದಾಗ ನೀನು ಕೊಟ್ಟುಹೋದ ಲೆಟ್ಯೂಸ್ ಬೀಜವನ್ನು ಬಚ್ಚಲ ನೀರು ಹರಿಯುವ ಕಡೆ ಹಾಕಿದ್ದೆ. ಓಣಿಯವರೆಲ್ಲ ಅದನ್ನು ಪುಣೆ ಸೊಪ್ಪು ಎನ್ನುತ್ತಾರೆ. ಚಳಿಯಲ್ಲಿ ಚೆನ್ನಾಗಿ ಬಂತು. ನಮ್ಮ ಹಕ್ಕರಕಿ ಸೊಪ್ಪಿನ ಹಾಗೆ ಹಸಿಯಾಗಿಯೇ ತಿನ್ನಬಹುದು ಎಂದು ನೀನು ಹೇಳಿದ್ದರೂ ಯಾರೂ ಬಾಯಿಗೆ ಇಟ್ಟಿರಲಿಲ್ಲ. ನಿನ್ನ ಹೆಂಡತಿ ಮಾಯವ್ವ ಬಸುರಿ ಎಂದು ತಿಳಿಸಿದ್ದೆನಲ್ಲ, ಆಮೇಲಿನದನ್ನು ನಿನಗೆ ಬರೆಯಲು ಅವಳು ಬಿಡಲಿಲ್ಲ. ರೊಟ್ಟಿ, ನುಚ್ಚು, ಮಜ್ಜಿಗೆ ಯಾವುದೂ ಅವಳ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಒಂದು ದಿನ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದವಳು ಆ ಎಲೆ ಹರಿದು ಕರುಂ ಕುರುಂ ಎಂದು ತಿಂದಳು. ಈಗ ವಾಂತಿಯಾಗುತ್ತದೆ ಎಂದು ನಾನು ತಂಬಿಗೆ ಹಿಡಿದು ಓಡಿದೆ. "ಅತ್ತಿ, ಇದು ಹೊಟ್ಟ್ಯಾಗ ನಿಂತೈತ್ರಿ" ಎಂದು ನಕ್ಕಳು. ಅಂದಿನಿಂದ ಎಲೆಯ ಜೊತೆ ನಾಲ್ಕು ತುತ್ತು ನುಚ್ಚೂ ಇಳಿಯತೊಡಗಿತು. ನಮ್ಮ ಮಾಯವ್ವ ಉಳಿದಳು ಎಂದುಕೊಂಡೆ.

ಶಿವರಾತ್ರಿ ಕಳೆಯುತ್ತಲೇ ಬಿಸಿಲು ಏರಿತು. ನನ್ನ ಹಳೇ ಸೀರೆ ಕಟ್ಟಿ ನೆರಳು ಮಾಡಿದೆ. ಪಕ್ಕದ ಮನೆಯ ಮುನೀರಾ ಗೋಣಿಚೀಲ ತೋಯಿಸಿ ಸುತ್ತಲೂ ಹೊದಿಸಿದಳು. ಏನು ಮಾಡಿದರೂ ಗಿಡಗಳು ಕೇಳಲಿಲ್ಲ, ನಡುವಿನಿಂದ ದಂಟು ಎದ್ದಿತು. ಚಿವುಟಿದರೆ ಹಾಲು ಬರುತ್ತದೆ, ಎಲೆ ಬೇವಿನಂತೆ ಕಹಿ. ಮಾಯವ್ವ ಕಣ್ಣು ಮುಚ್ಚಿಕೊಂಡು ಅಗಿದಳು, ಅದೂ ಹೊರಗೆ ಬಂತು. ಈಗ ನೀರೂ ನಿಲ್ಲುತ್ತಿಲ್ಲ. ಕಣ್ಣುಗಳು ಒಳಗೆ ಹೋಗಿವೆ, ನಾಲಿಗೆ ಒಣಗಿದೆ. "ನನ್ನ ಬಿಟ್ಟಬಿಡ್ರಿ ಅತ್ತಿ" ಎನ್ನುತ್ತಾಳೆ. ಹೇಗೆ ಬಿಡಲಿ?

ಬಸ್ ಸ್ಟ್ಯಾಂಡಿನ ಹತ್ತಿರದ ಡಾಕ್ಟರು, ನರಕ್ಕೆ ನೀರು ಏರಿಸಬೇಕು, ಗದಗಿಗೆ ಒಯ್ಯಿರಿ ಎಂದರು. ನಿನ್ನಪ್ಪ ಒಪ್ಪಲಿಲ್ಲ. "ಬಸುರ್ಯಾಗ ಎಲ್ಲಾರೂ ವಾಂತಿ ಮಾಡ್ಕೋತಾರ. ಮಗನ್ನ ಕೇಳದ ಸೊಸೀನ ದವಾಖಾನಿಗಿ ಕಳಸೂದಿಲ್ಲ" ಎಂದು ಕೂತಿದ್ದಾರೆ. ಮುನೀರಾ ನನ್ನ ಕೈ ಹಿಡಿದು, "ನಿಮ್ಮ ಕಾಗದ ಹೋಗಿ ಬರೂತನಕ ಹುಡುಗಿ ಇರ್ತಾಳೇನ್ರಿ?" ಎಂದಳು. ಆದರೂ ಈ ಕಾಗದ ಬರೆಯಲು ಕೂತೆ. ಬಿಸಿಲಿಗೆ ತಾಳುವ ಬೀಜವಿದ್ದರೆ ಕಳಿಸು. ಅದಕ್ಕೂ ಮೊದಲು ಅಪ್ಪನಿಗೆ ಒಂದು ಸಾಲು ಬರೆ, ಒಯ್ಯಿರಿ ಎಂದು.

ಕಾಲಕಾಲೇಶ್ವರ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನವ್ವ,
ಗುಡ್ಡವ್ವ

ತಾ.ಕ.: ಕಾಗದ ಅಂಚೆಗೆ ಹಾಕುವ ಮೊದಲೇ ಮಾಯವ್ವ ಬಚ್ಚಲಲ್ಲಿ ಬಿದ್ದಳು. ನಾನು ನಿನ್ನ ಉತ್ತರಕ್ಕೆ ಕಾಯಲಿಲ್ಲ. ಅಪ್ಪ ಬಾಗಿಲಿಗೆ ಅಡ್ಡ ನಿಂತರು. "ಬಾಜೂಕ ಸರೀರಿ" ಎಂದೆ. ಮದುವೆಯಾದಾಗಿನಿಂದ ಅವರಿಗೆ ಹಾಗೆ ಅಂದವಳಲ್ಲ. ಮುನೀರಾ, ಅವಳ ಗಂಡ ಫಕ್ರುಸಾಬ, ನಾನು ಸೇರಿ ಮಾಯವ್ವನನ್ನು ಬಸ್ಸಿಗೆ ಹತ್ತಿಸಿದೆವು. ಇದನ್ನು ಗದಗಿನ ದವಾಖಾನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕೈಗೆ ಸೂಜಿ ಹಾಕಿ ನೀರು ಬಿಟ್ಟಿದ್ದಾರೆ. ಕಣ್ಣು ತೆರೆದಿದ್ದಾಳೆ, ನಿನ್ನನ್ನು ಕೇಳಿದಳು. ಕೂಸಿನ ವಿಷಯ ಡಾಕ್ಟರು ಇನ್ನೂ ಏನೂ ಹೇಳಿಲ್ಲ. ಊರಿಗೆ ಹೋಗಬೇಡ, ರೈಲು ಇಳಿದು ನೆಟ್ಟಗೆ ಇಲ್ಲಿಗೇ ಬಾ.