ಮೂರನೇ ವಾಲ್ವಿನ ಸಪ್ಪಳ

ಶಿವಪ್ಪ ಕಾಕಾ,

ಇವತ್ತು ರವಿವಾರ. ರವಿವಾರಕ್ಕೊಮ್ಮೆ ಹಳೇ ಗಾಡಿಗಳನ್ನು ಬಿಚ್ಚಿ ಕಟ್ಟಲು ನಾವೆಲ್ಲ ಸೇರುತ್ತಿದ್ದ ಜಮಖಂಡಿಯ ನಮ್ಮ ತಗಡಿನ ಶೆಡ್ಡಿನಲ್ಲಿ, ನಿಮ್ಮ ಕರಿ ಗಾಡಿಯ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಬೀಳಗಿಯ ಮಾಸ್ತರರು ಬರುವುದನ್ನು ಬಿಟ್ಟರು. ಮುಧೋಳದ ಪಾಟೀಲರು ಹಳೇ ಜೀಪನ್ನು ಅರ್ಧಕ್ಕೇ ಎಳೆದುಕೊಂಡು ಹೋದರು. ನೀವಿಲ್ಲದೆ ಇಲ್ಲಿ ಚಹಾ ಕೂಡ ರುಚಿಸುವುದಿಲ್ಲವಂತೆ. ನನಗೂ ಅಷ್ಟೇ, ಆದರೆ ಬಿಟ್ಟು ಹೋಗಲು ನನಗೆ ಮುಖವಿಲ್ಲ.

ಮೊದಲ ದಿನ ನನ್ನ ಬಿಳಿ ಗಾಡಿಯ ಬಾನೆಟ್ ಎತ್ತಿದಾಗ ನೀವು ಕೈಗೆ ಹೊಡೆದದ್ದು ನೆನಪಿದೆಯೇ? "ತನ್ನ ಗಾಡಿಗೆ ತಾನು ಕೈ ಹಚ್ಚಬಾರದಲೇ. ತನ್ನದಂದ್ರ ಕಣ್ಣು ಕುರುಡಾಗ್ತೈತಿ. ಮಂದೀದಂದ್ರ ಕೈ ಹುಷಾರಿರ್ತೈತಿ." ಶೆಡ್ಡಿಗೆ ಇದ್ದ ಕಟ್ಟಳೆ ಅದೊಂದೇ. ನಮ್ಮಿಬ್ಬರವೂ ಒಂದೇ ನಮೂನೆಯ ಹಳೇ ಗಾಡಿಗಳು. ನನ್ನದನ್ನು ನೀವು ಬಿಚ್ಚಿದಿರಿ, ನಿಮ್ಮದನ್ನು ನಾನು. ನನ್ನದು ಹೋದ ವರ್ಷವೇ ರಸ್ತೆಗಿಳಿಯಿತು. ನಿಮ್ಮದು... ನನ್ನ ಕೈ ಯಾವತ್ತೂ ನಿಧಾನ, ಕಾಕಾ.

ನೀವು ಹಾಸಿಗೆ ಹಿಡಿದ ಮೇಲೆ ರಬಕವಿಯ ನಿಮ್ಮ ಮನೆಗೆ ಬಂದಿದ್ದೆ. ಮಗ್ಗಗಳ ಗದ್ದಲದಲ್ಲಿ ನಿಮ್ಮ ಬಾಯಿಯ ಹತ್ತಿರ ಕಿವಿ ಇಡಬೇಕಾಯಿತು. "ಒಮ್ಮೆ ನನ್ನ ಗಾಡಿ ಸಪ್ಪಳಾ ಕೇಳಸೋ. ಸಾಕು." ಮರುದಿನವೇ ಎಂಜಿನ್ ಕಟ್ಟಲು ಕೂತೆ. ಆತುರಗಾರನಿಗೆ ಬುದ್ಧಿ ಮಟ್ಟ. ಬಿಚ್ಚಿದ ಎಂಜಿನ್ನಿನ ಎಣ್ಣೆ ತೂತುಗಳಿಗೆ ದೂಳು ಹೋಗದಿರಲೆಂದು ನೂಲು ತುರುಕುತ್ತಿದ್ದೆವಲ್ಲ, ನೀವೇ ನಿಮ್ಮ ಮಗ್ಗದಿಂದ ಚೀಲ ತುಂಬಿ ತರುತ್ತಿದ್ದ ವೇಸ್ಟ್ ನೂಲು? ಒಂದು ತೂತಿನದನ್ನು ತೆಗೆಯಲು ಮರೆತು ಎಲ್ಲ ಮುಚ್ಚಿಬಿಟ್ಟೆ. ಎಂಜಿನ್ ಚಾಲೂ ಆಯಿತು. ಖುಷಿಗೆ ನೋಡುತ್ತಲೇ ನಿಂತೆ. ನಿಮಗೆ ಫೋನ್ ಹಚ್ಚಲು ಕೈ ಒರೆಸಿಕೊಳ್ಳುವಷ್ಟರಲ್ಲಿ ಕಿರುಗುಟ್ಟಿ ನಿಂತಿತು. ಎಣ್ಣೆ ಸಿಗದೆ ಒಳಗೆಲ್ಲ ಸುಟ್ಟು ಹಿಡಿದುಕೊಂಡಿತ್ತು.

ಸಂಜೆ ನಿಮ್ಮ ಮಗಳು ಫೋನ್ ಮಾಡಿದಳು. "ಅಪ್ಪಾರು ಕೇಳಾಕತ್ತಾರ್ರಿ, ಗಾಡಿ ಆತೇನ್ರಿ?" "ಆತವ್ವಾ" ಅಂದೆ. ನನ್ನ ಬಿಳಿ ಗಾಡಿಯನ್ನು ಚಾಲೂ ಮಾಡಿ, ಬಾನೆಟ್ ಎತ್ತಿ, ಫೋನ್ ಹಿಡಿದೆ. ನೀವು ಬಹಳ ಹೊತ್ತು ಕೇಳಿದಿರಿ. "ಮೂರನೇ ವಾಲ್ವ್ ಟಕಟಕ ಅನ್ನಾಕತ್ತೈತಿ" ಅಂದಿರಿ. ಆಮೇಲೆ, "ಇರ್ಲಿ ಬಿಡು. ಛಲೋ ಆತು. ಊಟಾ ಆತೇನ್ ನಿಂದು?" ಎರಡೇ ದಿನಕ್ಕೆ ನೀವು ಹೋದಿರಿ.

ನಿಮಗೆ ಮಣ್ಣು ಕೊಟ್ಟು ನನ್ನ ಗಾಡಿಯಲ್ಲೇ ತಿರುಗಿ ಬಂದೆ. ದಾರಿಯುದ್ದಕ್ಕೂ ಟಕಟಕ. ಫೋನಿನಲ್ಲಿ ಹೆದರಿಕೆಗೆ ಹೊಳೆಯದೇ ಇದ್ದದ್ದು ಆಗ ಹೊಳೆಯಿತು. ಮೂರನೇ ವಾಲ್ವ್ ಬಡಿಯುವುದು ನನ್ನ ಗಾಡಿಯಲ್ಲಿ. ಅದನ್ನು ಕೂಡಿಸಿದವರು ನೀವು. "ಮುಂದಿನ ರವಿವಾರ ಸರಿ ಮಾಡ್ತೀನಿ" ಎಂದು ವರ್ಷವಿಡೀ ನಕ್ಕವರೂ ನೀವೇ. ಸಾಲು ಮಗ್ಗಗಳಲ್ಲಿ ಒಂದು ತಪ್ಪಿದರೂ ಸಪ್ಪಳದಲ್ಲೇ ಗುರುತಿಸುವ ಕಿವಿ ನಿಮ್ಮದು. ನಾನು ಸುಳ್ಳು ಹೇಳಿದ್ದು ನಿಮಗೆ ಗೊತ್ತಾಗಿತ್ತು. ಯಾಕೆ ಬೈಯಲಿಲ್ಲ? ಬೈದಿದ್ದರೆ ಅತ್ತು ತಪ್ಪೊಪ್ಪಿಕೊಳ್ಳುತ್ತಿದ್ದೆ. ಈಗ ಯಾರ ಕಾಲು ಹಿಡಿಯಲಿ?

ಹೋದ ವಾರ ನಿಮ್ಮ ಎಂಜಿನ್ ಮತ್ತೆ ಬಿಚ್ಚಿದೆ. ಆ ನೂಲು ಸಿಕ್ಕಿತು, ಕರ್ರಗಾಗಿ. ಒಳಗಿನ ಸಾಮಾನಿಗಾಗಿ ಬೆಳಗಾವಿ, ಕೊಲ್ಹಾಪುರ ಎಲ್ಲ ಅಲೆದೆ. ಎಲ್ಲೂ ಇಲ್ಲ. ನಿಮ್ಮ ಗಾಡಿ ಇನ್ನು ಚಾಲೂ ಆಗುವುದಿಲ್ಲ, ಕಾಕಾ.

ನನ್ನದು ಬಡಿಯುತ್ತಲೇ ಇದೆ. ಹತ್ತು ನಿಮಿಷದ ಕೆಲಸ. ಮಹಾಲಿಂಗಪುರದ ಮಿಸ್ತ್ರಿಯೊಬ್ಬ ಸರಿ ಮಾಡುತ್ತೇನೆಂದ, ಬೇಡವೆಂದೆ. ನಾನಂತೂ ಕೈ ಹಚ್ಚುವಂತಿಲ್ಲ. ಅದು ನಿಮ್ಮ ಕೆಲಸ. ನಾನಿರುವ ತನಕ ಹಾಗೇ ಇರುತ್ತದೆ.