ಬೋಟಿಗೆ ಹಾಕಿದ ಎಣ್ಣೆ

ಸೆಪ್ಟೆಂಬರ್ 1, ಭಾನುವಾರ

ಸ್ಟೇರಿಂಗ್ ಎಣ್ಣೆ ಮತ್ತೆ ಇಳಿದಿದೆ. ಒಂದಿಷ್ಟು ಹಾಕಿ ಮುಚ್ಚಳ ಬಿಗಿ ಮಾಡಿದೆ. ಹಿಂದುಗಡೆ, ಇಂಜಿನ್ ಪಕ್ಕದ ಸಿಲಿಂಡರಿನಲ್ಲಿ ರಾಡಿನ ಬುಡವೆಲ್ಲ ಜಿಡ್ಡು. ಬೆಳಿಗ್ಗೆ ಒರೆಸಿದ್ದೆ, ಸಂಜೆಗೆ ಮತ್ತೆ ಜಿಡ್ಡು. ಎಣ್ಣೆ ತಡೆಯುವ ರಬ್ಬರ್ ಸೀಲ್ ಸವೆದಿದೆ, ಅಷ್ಟೇ. ಮಂಗಳೂರು ಕಡೆ ಯಾವುದೋ ರೆಸಾರ್ಟಿನವರು ಓಡಿಸಿ ಓಡಿಸಿ ಬಿಟ್ಟ ಬೋಟು. ನಮಗೆ ಹೊಸದು.

ಇವರು ಓಡಿಸುವುದು, ನಾನು ನೋಡಿಕೊಳ್ಳುವುದು. ಬೋಟು ತರುವ ಮೊದಲೇ ಆದ ಮಾತು. ಮದುವೆಗೆ ಮುಂಚೆ ಬಿಡದಿಯ ಕಾರು ಫ್ಯಾಕ್ಟರಿಯ ಜೋಡಣೆ ಲೈನಲ್ಲಿ ನಿಂತವಳು, ಸ್ಪ್ಯಾನರ್ ಹಿಡಿಯೋಕೆ ಯಾರನ್ನೂ ಕೇಳಬೇಕಿಲ್ಲ. ಇವರಿಗೂ ಒಂದು ಸಲ ಬಿಡಿಸಿ ಹೇಳಿದ್ದೆ: ಚಕ್ರ ತಿರುಗಿಸಿದರೆ ಎಣ್ಣೆ ಪೈಪಿನಲ್ಲಿ ಹಿಂದಕ್ಕೆ ಹೋಗಿ ಇಂಜಿನ್ನನ್ನು ಆ ಕಡೆ ಈ ಕಡೆ ತಳ್ಳುತ್ತದೆ. ಎಣ್ಣೆ ಇಲ್ಲದಿದ್ದರೆ ಚಕ್ರ ಬರೀ ಆಟದ ಸಾಮಾನು. ತಲೆಯಾಡಿಸಿದರು. ಅದೆಲ್ಲ ನಿನಗೆ ಬಿಟ್ಟಿದ್ದು ಅಂದರು.

ಊರಿನವರಿಗೆಲ್ಲ ಇದು ಕೆಂಪರಾಜನ ಬೋಟು. ಪಕ್ಕದ ಬೀದಿಯ ಮಾಯಮ್ಮತ್ತೆ ಒಬ್ಬರೇ ಲತಾಮಣಿ ಬೋಟು ಅನ್ನುವುದು. ಇವರಿಗೆ ದೂರದಿಂದ ಚಿಕ್ಕವ್ವ ಆಗಬೇಕು. ಮಗಳನ್ನು ಹಿನ್ನೀರಿನ ಆ ದಡದ ಊರಿಗೆ ಕೊಟ್ಟಿದ್ದಾರೆ. ವಾರಕ್ಕೊಮ್ಮೆ ಹೋಗಿ ಬರುತ್ತಾರೆ.

ಸೆಪ್ಟೆಂಬರ್ 5, ಗುರುವಾರ. ಸಂಜೆ

ನಾಳೆ ಗೌರಿ ಹಬ್ಬ. ಬಾಗಿನ ಕೊಡೋಕೆ ಹೋಗುವವರು, ತವರಿಗೆ ಬರುವವರು, ಎರಡು ದಡದಲ್ಲೂ ಜನ. ರಸ್ತೆಯಲ್ಲಿ ಹೋಗೋಣವೆಂದರೆ ಹಿನ್ನೀರು ಪೂರ್ತಿ ಸುತ್ತಿ, ಕೋಡಿಹಳ್ಳಿಯಲ್ಲಿ ಬಸ್ ಬದಲಾಯಿಸಿ... ಅರ್ಧ ದಿನ ಅಲ್ಲೇ ಹೋಯಿತು.

ಸ್ಟೇರಿಂಗ್ ಎಣ್ಣೆ ಮತ್ತೆ ಇಳಿದಿದೆ, ಬಾಟಲಿಯೂ ಖಾಲಿ. ರಾಮನಗರದ ವಹಾಬಣ್ಣನಿಗೆ ಫೋನ್ ಮಾಡಿದೆ. ಬೋಟು ಹುಡುಕಿಕೊಟ್ಟವರೇ ಅವರು, ಸಾಮಾನು ತರಿಸಿಕೊಡುವವರೂ ಅವರೇ. ಹಬ್ಬ ಕಳೆಯಲಿ, ಬೆಂಗಳೂರಿಂದ ಬರಬೇಕು ಅಂದರು. ಅಲ್ಲಿತನಕ ನೀರಿಗಿಳಿಸಬೇಡಿ ಅಂದರು. ಹೂಂ ಅಂದೆ.

ಇವರಿಗೆ ಹೇಳೋಣ ಅಂತಲೇ ಒಳಗೆ ಹೋದೆ. ಹೊಸ ಶರ್ಟಿಗೆ ಇಸ್ತ್ರಿ ಹಾಕಿಕೊಳ್ಳುತ್ತಿದ್ದರು. ಮೊದಲ ಟ್ರಿಪ್ಪಿಗೆ ಯಾರ್ಯಾರು ಬರುತ್ತಾರೆ, ಮುಂದೆ ಯಾರನ್ನು ಕೂರಿಸೋದು ಅಂತ ಹೇಳುತ್ತಲೇ ಇದ್ದರು. ಹೇಳದೆ ಹೊರಗೆ ಬಂದೆ.

ಶೆಡ್ಡಿನಲ್ಲಿ ನಾವು ಮಾರಿದ ಗೂಡ್ಸ್ ಗಾಡಿಯ ಬ್ರೇಕ್ ಆಯಿಲ್ ಡಬ್ಬಿ ಉಳಿದಿತ್ತು. ಬೋಟಿನ ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿದೆ, ಬ್ರೇಕ್ ಆಯಿಲ್ ಹಾಕಬಾರದು ಅಂತ. ಓದಿದೆ. ಓದಿಯೇ ಹಾಕಿದೆ. ಒಂದೆರಡು ದಿನಕ್ಕೆ ಏನಾಗುತ್ತದೆ... ಚಕ್ರ ತಿರುಗಿಸಿ ನೋಡಿದೆ. ಇಂಜಿನ್ ಸಲೀಸಾಗಿ ತಿರುಗಿತು.

ಸೆಪ್ಟೆಂಬರ್ 8, ಭಾನುವಾರ

ಗೌರಿ ಹಬ್ಬ, ಗಣಪತಿ ಹಬ್ಬ ಎರಡೂ ಚೆನ್ನಾಗಿ ಆಯಿತು. ಬೋಟು ಹೂವಿನಂತೆ ಓಡಿತು. ಆ ದಡದ ಹೆಂಗಸರು ನನ್ನ ಮಡಿಲಿಗೂ ಬಾಗಿನದ ತೆಂಗಿನಕಾಯಿ ಹಾಕಿ ಹೋದರು. ಇವರ ಮುಖ ನೋಡಬೇಕಿತ್ತು.

ಸೆಪ್ಟೆಂಬರ್ 11, ಬುಧವಾರ

ವಹಾಬಣ್ಣ ಬಸ್ಸಿನಲ್ಲಿ ಎಣ್ಣೆ ಕಳಿಸಿದ್ದಾರೆ. ಹಳೆಯದನ್ನೆಲ್ಲ ಬಸಿದು, ಪೈಪು ತೊಳೆದು, ಹೊಸದು ತುಂಬಿ ಪೈಪಿನ ಗಾಳಿ ತೆಗೆಯಬೇಕು. ಒಂದು ದಿನದ ಕೆಲಸ, ಬೋಟು ನಿಲ್ಲಿಸಬೇಕು. ಯಾಕೆ ಅಂತ ಇವರು ಕೇಳುತ್ತಾರೆ. ಬರೋ ವಾರ ನೋಡೋಣ.

ಸೆಪ್ಟೆಂಬರ್ 16, ಸೋಮವಾರ

ರಾಡಿನ ಬುಡದಲ್ಲಿ ಜಿಡ್ಡು ಜಾಸ್ತಿ. ಒರೆಸಿದ ಬಟ್ಟೆಗೆ ರಬ್ಬರಿನ ಕಪ್ಪು ಹತ್ತಿತು. ಮೊದಲು ಹೀಗಿರಲಿಲ್ಲ.

ಸೀಲ್ ಕಿಟ್ ಇದೆ, ಬೋಟಿನ ಜೊತೆಯಲ್ಲೇ ಬಂದದ್ದು. ಭಾನುವಾರ ಬಿಚ್ಚುತ್ತೇನೆ. ಖಂಡಿತ.

ಸೆಪ್ಟೆಂಬರ್ 22, ಭಾನುವಾರ

ಬರೆಯೋಕೆ ಕೂತು ಎದ್ದು, ಕೂತು ಎದ್ದು... ಆದದ್ದು ಗುರುವಾರ.

ಬೆಳಗಿನ ಟ್ರಿಪ್ಪು. ಮಾಯಮ್ಮತ್ತೆ ಮಗಳ ಮನೆಗೆ ಹೊರಟಿದ್ದರು, ಮಡಿಲಲ್ಲಿ ಸೊಪ್ಪಿನ ಗಂಟು. ಇನ್ನೂ ನಾಲ್ಕಾರು ಜನ. ನಾನು ದಡದಲ್ಲೇ ನಿಂತಿದ್ದೆ. ಆ ಕಡೆಯ ಬಂಡೆಯ ಹತ್ತಿರ ಎಡಕ್ಕೆ ತಿರುಗಬೇಕು. ದಿನಾ ತಿರುಗುವ ಜಾಗ. ತಿರುಗಲಿಲ್ಲ. ನೆಟ್ಟಗೆ ಹೋಯಿತು. ಇಲ್ಲಿಗೇ ಸದ್ದು ಕೇಳಿಸಿತು.

ಯಾರೂ ನೀರಿಗೆ ಬೀಳಲಿಲ್ಲ. ಮಾಯಮ್ಮತ್ತೆ ಕಬ್ಬಿಣದ ಕಂಬಿಯ ಮೇಲೆ ಬಿದ್ದರು. ಬಲಗೈ ಮುರಿಯಿತು, ಮುಂಗೈ ಮೇಲೆ ಎರಡು ಕಡೆ. ಮೀನು ಹಿಡಿಯುವವರು ತೆಪ್ಪದಲ್ಲಿ ಹೋಗಿ ಕರೆತಂದರು. ಅತ್ತೆ ಅಳಲಿಲ್ಲ. ಹಸು ಕರೆಯೋರು ಯಾರು ಅಂತ ಅದೊಂದೇ ಕೇಳುತ್ತಿದ್ದರು. ಇವರು ಅವರನ್ನು ಆಟೋಗೆ ಹತ್ತಿಸಿ ಆಸ್ಪತ್ರೆಗೆ ಹೋದರು. ನನ್ನ ಕಡೆ ನೋಡಲೂ ಇಲ್ಲ.

ಬೋಟನ್ನು ದಡಕ್ಕೆ ಎಳೆದು ತಂದಿದ್ದರು. ಹತ್ತಿ ಚಕ್ರ ತಿರುಗಿಸಿದೆ. ಗಿರ್ರನೆ ತಿರುಗಿತು. ಹಿಂದೆ ಇಂಜಿನ್ ಅಲುಗಲಿಲ್ಲ.

ಆಗ ಓಡಿಹೋಗಿ ಹೇಳಬೇಕಿತ್ತು. ಯೋಚನೆ ಮಾಡುವ ಮುಂಚೆಯೇ ಕೈ ಸ್ಪ್ಯಾನರ್ ಹುಡುಕಿತು. ಸಿಲಿಂಡರ್ ಬಿಚ್ಚಿದೆ. ಸೀಲು ನೆನೆದ ಹುಣಸೆಹಣ್ಣಿನ ಹಾಗೆ ಉಬ್ಬಿ, ಬೆರಳಿಟ್ಟರೆ ಕಿತ್ತು ಬರುತ್ತಿತ್ತು. ಹೊಸದು ಹಾಕಿದೆ. ಪೈಪು ತೊಳೆದು ಸರಿಯಾದ ಎಣ್ಣೆ ತುಂಬಿದೆ. ಗಾಳಿ ತೆಗೆದೆ. ಇವರು ಸಂಜೆ ಕನಕಪುರದ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಂದವರು ಸೀದಾ ಬೋಟಿಗೆ ಹೋಗಿ ಚಕ್ರ ಹಿಡಿದರು. ಎಡಕ್ಕೆ, ಬಲಕ್ಕೆ. ಇಂಜಿನ್ ತಿರುಗಿತು. ಮತ್ತೆ ಎಡಕ್ಕೆ. ಆಮೇಲೆ ನನ್ನನ್ನು ಕೇಳಿದರು:

"ಸ್ಟೇರಿಂಗಲ್ಲಿ ಏನಾರ ಇತ್ತೇನೇ?"

"ಇಲ್ಲ ಕಣ್ರೀ. ಚೆನ್ನಾಗೈತೆ."

ತಮ್ಮ ಕೈಯನ್ನೇ ನೋಡಿಕೊಳ್ಳುತ್ತ ನಿಂತುಬಿಟ್ಟರು. ಚಿಕ್ಕವ್ವ ಏನೋ ಕೇಳ್ತು, ತಿರುಗಿ ನೋಡ್ದೆ, ಆದ್ರೆ ಚಕ್ರ ತಿರುಗಿಸಿದ್ದೆ ಅಂತ ನೆನಪು, ತಿರುಗಿಸ್ಲೇ ಇಲ್ವೇನೋ... ಅಂದರು. 

ಸೆಪ್ಟೆಂಬರ್ 28, ಶನಿವಾರ

ಇವರು ದಿನಾ ಎರಡು ಹೊತ್ತು ಮಾಯಮ್ಮತ್ತೆಯ ಹಸು ಕರೆದು ಡೇರಿಗೆ ಹಾಲು ಹಾಕಿ ಬರುತ್ತಾರೆ. ಹುಲ್ಲೂ ಇವರೇ ತರುವುದು. ಅತ್ತೆ ಬೈಯುವುದಿಲ್ಲವಂತೆ, ಮಾತೂ ಆಡುವುದಿಲ್ಲವಂತೆ. ಜಗಲಿಯ ಮೇಲೆ ಕೂತು ನೋಡುತ್ತಾರಂತೆ.

ಬೋಟಿಗೆ ಟಾರ್ಪಲ್ ಹೊದಿಸಿದ್ದಾರೆ. ಜನ ಮತ್ತೆ ತೆಪ್ಪಕ್ಕೆ, ಇಲ್ಲವೇ ಸುತ್ತು ಬಸ್ಸಿಗೆ. ಡೇರಿ ಮುಂದೆ ಯಾರೋ ಅಂದರಂತೆ, ಕೆಂಪರಾಜ ಹೆಂಗಸರ ಕೂಡೆ ಮಾತಾಡ್ಕಂಡು ಬೋಟು ಬುಡ್ತಾನೆ ಅಂತ. ಊಟದ ಹೊತ್ತಿಗೆ ಅದನ್ನು ಹೇಳಿದರು. ಸಿಟ್ಟಿನಿಂದಲ್ಲ. ಹೌದೇನೋ ಅನ್ನುವ ಹಾಗೆ.

ಇವತ್ತು ಹೇಳಬೇಕು ಅಂದುಕೊಂಡಿದ್ದೆ. ಹುಳಿ ಚೆನ್ನಾಗೈತೆ ಅಂದರು. ಆಗಲಿಲ್ಲ.

ಅಕ್ಟೋಬರ್ 6, ಭಾನುವಾರ

ಇವರು ಬೈಕ್ ಮುಟ್ಟುತ್ತಿಲ್ಲ. ಇದು ಇವತ್ತು ಗೊತ್ತಾಯಿತು. ಗ್ಯಾಸ್ ತರಬೇಕಿತ್ತು, ಸಿಲಿಂಡರ್ ಹೆಗಲ ಮೇಲೆ ಹೊತ್ತು ನಡೆದೇ ಬಂದರು. ಬೈಕ್ ಯಾಕೆ ತೆಗೆಯಲಿಲ್ಲ ಅಂದೆ.  ಕೈ ಒರೆಸಿಕೊಂಡು ಹಿತ್ತಲಿಗೆ ಹೋದರು.

ಬ್ರೇಕ್ ಆಯಿಲ್ ಡಬ್ಬಿಯನ್ನು ತಿಪ್ಪೆಯಲ್ಲಿ ಹೂತು ಬಂದೆ. ಹಗಲು ಹೊತ್ತಲ್ಲೇ. ಯಾರಾದರೂ ನೋಡಿ ಕೇಳಲಿ ಅಂತಿತ್ತೇನೋ. ಯಾರೂ ಕೇಳಲಿಲ್ಲ.

ಅಕ್ಟೋಬರ್ 11, ಶುಕ್ರವಾರ. ಆಯುಧ ಪೂಜೆ

ಬೋಟಿಗೆ ಪೂಜೆ ನೀನೇ ಮಾಡು ಅಂದರು. ತಾವು ದಡದ ಮೇಲೇ ನಿಂತರು. ಟಾರ್ಪಲ್ ಸರಿಸಿ ಸ್ಟೇರಿಂಗಿಗೆ ಹೂವು ಮುಡಿಸಿದೆ, ವಿಭೂತಿ ಹಚ್ಚಿದೆ, ಕುಂಕುಮ ಇಟ್ಟೆ. ಕುಂಕುಮ ಚಕ್ರದ ಮೇಲೆಲ್ಲ ಚೆಲ್ಲಿತು. ಬೂದುಗುಂಬಳ ಒಡೆದೆ. ಮಂಗಳಾರತಿ ತಟ್ಟೆ ಹಿಡಿದು ಅವರ ಹತ್ತಿರ ಹೋದರೆ ಕಣ್ಣು ಮುಚ್ಚಿ ತುಂಬ ಹೊತ್ತು ಕೈ ಮುಗಿದರು. ಏನು ಬೇಡಿಕೊಂಡರೋ.

ಅಕ್ಟೋಬರ್ 14, ಸೋಮವಾರ

ಇವರಿಗೆ ತಲೆ ಸ್ಕ್ಯಾನ್ ಮಾಡಿಸಬೇಕಂತೆ.

ತಾವೇ ಡಾಕ್ಟರ ಹತ್ತಿರ ಹೋಗಿ ಕೇಳಿಕೊಂಡು ಬಂದಿದ್ದಾರೆ. ಒಂದು ಕ್ಷಣ ಬುದ್ಧಿ ತಪ್ಪುವ ಕಾಯಿಲೆ ಇರುತ್ತದಂತೆ, ಮೂರ್ಛೆಯ ಹಾಗೇ, ಆದರೆ ಬೀಳುವುದಿಲ್ಲವಂತೆ, ನೆನಪು ಮಾತ್ರ ಇರುವುದಿಲ್ಲ. ಡಾಕ್ಟರು ಬರೆದುಕೊಟ್ಟಿದ್ದಾರೆ. ತಮ್ಮ ಅಪ್ಪನಿಗೂ ಏನೋ ಇತ್ತಂತೆ. ಹೀಗೆಲ್ಲ ಹೇಳಿ ನನಗೇ ಧೈರ್ಯ ತುಂಬಿದರು. ಹೆದರಬೇಡ ಅಂದರು.

ಹೆದರಬೇಡ ಅಂದರು. ನನಗೆ.

ಅಕ್ಟೋಬರ್ 17, ಗುರುವಾರ

ಕನಕಪುರ. ವಾಚು, ಕೊರಳ ಸರ ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಕೂತೆ. ಎದುರಿಗೆ ಇನ್ನೊಬ್ಬರು ಹೆಂಗಸು, ಅವರ ಗಂಡನಿಗೆ ನಿಜವಾಗಿಯೇ ಏನೋ ಇತ್ತು. ನಿಮ್ಮವರಿಗೇನು ಅಂತ ಕೇಳಿದರು. ಸುಮ್ಮನೆ ತಪಾಸಣೆಗೆ ಅಂದೆ. ಪುಣ್ಯವಂತರು ಅಂದರು. ಎದ್ದು ನಲ್ಲಿಯ ಹತ್ತಿರ ಹೋಗಿ ನಿಂತುಕೊಂಡೆ.

ರಿಪೋರ್ಟು ಬಂತು. ಏನೂ ಇಲ್ಲ. ಡಾಕ್ಟರು ನಗುನಗುತ್ತ ಹೇಳಿದರು. ಇವರು ನಗಲಿಲ್ಲ. ಹೊರಗೆ ಬಂದು ಟೀ ಅಂಗಡಿ ಮುಂದೆ ಗ್ಲಾಸು ಹಿಡಿದು ನಿಂತವರು ಕುಡಿಯಲೂ ಇಲ್ಲ.

"ಕಾಯಿಲೆ ಅಂದಿದ್ರೆ ಒಂಥರಾ ನೆಮ್ಮದಿಯಾಗಿರೋದು. ಈಗ ನಾನೇ ಅಂತಾಯ್ತಲ್ಲ."

"ನೀವಲ್ಲ," ಅಂದೆ. "ಎಣ್ಣೆ. ಹಬ್ಬದ ದಿನ ಎಣ್ಣೆ ಇರ್ಲಿಲ್ಲ. ನಾನು ಬ್ರೇಕ್ ಆಯಿಲ್ ಹಾಕ್ದೆ. ಅದು ಸೀಲ್ ತಿಂದಾಕ್ತು. ನೀವು ತಿರುಗಿಸಿದ್ರಿ. ಬೋಟು ತಿರುಗ್ಲಿಲ್ಲ."

ಅರ್ಥವಾಗಲಿಲ್ಲ ಅಂದುಕೊಂಡೆ. ಇನ್ನೊಂದು ಸಲ ಹೇಳಲು ಬಾಯಿ ತೆರೆದೆ. ಬೇಡ ಅನ್ನುವಂತೆ ಕೈ ಎತ್ತಿದರು.

"ನಾನು ಬಂದು ಚಕ್ರ ಹಿಡ್ದಾಗ, ಅಷ್ಟೊತ್ಗೆ ರಿಪೇರಿ ಆಗಿತ್ತಾ?"

"ಹೂಂ."

"ಅದುಕ್ಕೇ ಸರ್ಯಾಗಿ ತಿರುಗ್ತು."

"ಹೂಂ."

"ಕೇಳ್ದೆ ನಿನ್ನ. ಬಾಯ್ಬುಟ್ಟು ಕೇಳ್ದೆ."

ಟೀ ಚೆಲ್ಲಿ, ಗ್ಲಾಸು ತೊಳೆದು ಅಂಗಡಿಯವನ ಮುಂದಿಟ್ಟರು. ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿತ್ತು. ಮುಂದೆ ಹೋಗಿ ನಿಂತುಕೊಂಡರು, ಊರು ಬರುವ ತನಕ. ವಾಚು, ಸರ ನನ್ನ ಕೈಯಲ್ಲೇ ಇದ್ದವು.

ಅಕ್ಟೋಬರ್ 19, ಶನಿವಾರ

ಮಾತಿಲ್ಲ. ಊಟ ಬಡಿಸಿದರೆ ಉಣ್ಣುತ್ತಾರೆ. ಬೈಕ್ ತೆಗೆದಿದ್ದಾರೆ. ಅದೊಂದು.

ಮಾಯಮ್ಮತ್ತೆಯ ಮನೆಗೆ ಒಬ್ಬಳೇ ಹೋದೆ. ಅವರೆಕಾಯಿ ಮುಂದೆ ಹಾಕಿಕೊಂಡು ಎಡಗೈಯಲ್ಲೇ ಬಿಡಿಸುತ್ತಿದ್ದರು. ಕೂರು ಅನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ. ಎಣ್ಣೆ, ಸೀಲು, ಇವರು ಕೇಳಿದ್ದು, ನಾನು ಇಲ್ಲ ಅಂದದ್ದು. ಕೊನೆಯಲ್ಲಿ ಕಾಲಿಗೆ ಬೀಳಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

"ಕೈ ಕೂಡ್ಕತದೆ ಬುಡು," ಅಂದರು. "ಅವ್ನು ಹಸಾ ಕರೀವಾಗ ದಿನಾ ಅಳೋನು ಕಣವ್ವ. ಹಸೀನ ಹೊಟ್ಟೆಗೆ ಹಣೆ ಒತ್ಕಂಡು. ನನಗೆ ಕಾಣ್ದು ಅಂದ್ಕಂಡಿದ್ದ. ಅಳ್ಲಿ, ಕೈ ಮುರ್ದೋನು ಅವ್ನೇ ಅಲ್ವಾ ಅಂತ ನಾನೂ ಸುಮ್ಕೆ ನೋಡ್ಕಂಡ್ ಕುಂತಿದ್ದೆ. ಒಂದು ಸಮಾಧಾನ ಹೇಳ್ಲಿಲ್ಲ. ಈಗ ನಾನು ಅವ್ನ ಮಕ ಹೆಂಗ್ ನೋಡ್ಲಿ?"

ನನ್ನ ತಪ್ಪಿನಲ್ಲಿ ಅವರಿಗೂ ಒಂದು ಪಾಲು ಹಂಚಿ ಬಂದೆ. ಇನ್ನು ಮೇಲೆ ಹಾಲು ನಾನು ಕರೆಯುತ್ತೇನೆ ಅಂದೆ. ಬೇಡ ಅಂದರು. ನೀನು ನಿಲ್ಲಬೇಕಾದ್ದು ಇಲ್ಲಲ್ಲ ಅಂದರು.

ಸಂಜೆ ಇವರು ಎಂದಿನಂತೆಯೇ ಹಸು ಕರೆಯಲು ಹೋದರು. ಈಗ ಯಾರು ಹೋಗು ಅಂದಿದ್ದರು ಇವರಿಗೆ...

ಅಕ್ಟೋಬರ್ 22, ಮಂಗಳವಾರ. ಬೆಳಿಗ್ಗೆ

ಅಕ್ಷರ ಸೊಟ್ಟ ಬರುತ್ತಿದೆ, ಬರಲಿ.

ಡೇರಿಗೆ ಹೋಗಿದ್ದೆ, ನಮ್ಮ ಮನೆ ಹಾಲು ಹಾಕಲು. ಇವರು ಮಾಯಮ್ಮತ್ತೆಯ ಕ್ಯಾನು ಹಿಡಿದು ಸಾಲಿನಲ್ಲಿ ಮುಂದೆ ನಿಂತಿದ್ದರು. ಹಾಲು ಅಳೆಯುವ ಮುನಿಕೃಷ್ಣ ತಮಾಷೆಗೆ ಅಂದ, ಕೆಂಪರಾಜಣ್ಣ, ಹಾಲನ್ನಾದ್ರೂ ಮುಂದೆ ನೋಡ್ಕಂಡು ಹುಯ್ಯಿ ಅಂತ. ನಾಲ್ಕು ಜನ ನಕ್ಕರು. ಇವರು ತಲೆ ಬಗ್ಗಿಸಿ ಕ್ಯಾನಿನ ಮುಚ್ಚಳ ತೆಗೆದರು. ಒಂದು ಮಾತು ಸಾಕಿತ್ತು, ನನ್ನ ಹೆಂಡತಿ ಮಾಡಿದ್ದು ಅಂತ. ಅನ್ನಲಿಲ್ಲ. ಎಲ್ಲ ಗೊತ್ತಿದ್ದೂ ಅನ್ನಲಿಲ್ಲ.

ಸಾಲು ಬಿಟ್ಟು ಮುಂದೆ ಹೋದೆ. ಬೋಟು ಕೆಡಿಸಿದ್ದು ನಾನು ಅಂದೆ. ಯಾರೋ ಏನು ಅಂದರು. ಇನ್ನೂ ಜೋರಾಗಿ ಹೇಳಿದೆ. ಹಾಕಬಾರದ ಎಣ್ಣೆ ಹಾಕಿದ್ದು ನಾನು, ಮುಚ್ಚಿಟ್ಟದ್ದು ನಾನು, ಇವರು ಸರಿಯಾಗಿಯೇ ಓಡಿಸುತ್ತಿದ್ದರು.  ಮುನಿಕೃಷ್ಣ ಅಳತೆ ಹಿಡಿದುಕೊಂಡು ಹಾಗೇ ನಿಂತಿದ್ದ. ಹಿಂದಿನಿಂದ ಒಬ್ಬಳು ಹೆಂಗಸು, ಥೂ ನಿನ್ನ, ಕಟ್ಕಂಡ ಗಂಡನ್ಗೆ... ಅಂದಳು. ಸರಿಯಾಗೇ ಅಂದಳು. ಇವರ ಕಡೆ ನೋಡುವ ಧೈರ್ಯ ಬರಲಿಲ್ಲ. ಹಾಲು ಅಲ್ಲೇ ಇಟ್ಟು ಬಂದುಬಿಟ್ಟೆ.

ಇದನ್ನು ಬರೆಯುತ್ತಿರುವಾಗಲೇ ಬೈಕ್ ಬಂದ ಸದ್ದು. ಒಳಗೆ ಬರುತ್ತಿಲ್ಲ. ಕ್ಯಾನು ಕೆಳಗಿಟ್ಟರು, ಎರಡು ಕ್ಯಾನು, ನನ್ನದನ್ನೂ ತಂದಿದ್ದಾರೆ. ಜಗಲಿಯ ಮೇಲೆ ಕೂತರು ಅನ್ನಿಸುತ್ತದೆ. ಕೆಮ್ಮಿದರು.

ಲತಾ ಅಂದರು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ. ಬಯ್ಯಲು ಕರೆದದ್ದೋ ಏನೋ, ದನಿಯಲ್ಲಿ ತಿಳಿಯುತ್ತಿಲ್ಲ. ಏನೇ ಆಗಲಿ, ಈಗ ಹೋಗಿ ಅವರ ಎದುರಿಗೆ ಕೂತು ಕೇಳಿಸಿಕೊಳ್ಳುತ್ತೇನೆ.